ನಾಯಕ ಬಂದ, ಪರದೆ ಬಿತ್ತು

ನಮ್ಮೂರ ಈ ಸಲದ ಸಂಗೀತ ನಾಟಕಕ್ಕೆ ನಾನೇ ನಾಯಕ! ಏಪ್ರಿಲ್‌ನಲ್ಲೇ ಮನೆಯ ಮೊಲಗಳ ಮುಂದೆ ನಿಂತು ಘೋಷಿಸಿಬಿಟ್ಟಿದ್ದೆ. ಮೊಲಗಳು ಒಪ್ಪಿದವು. ಒಪ್ಪದಿದ್ದವರು ನಾಟಕ ಆಡಿಸುವ ಓದಿಲ್ ಟೀಚರ್ ಒಬ್ಬರೇ.

“ಒನೊರೆ, ನಿಮ್ಮ ದನಿಗೆ ಜನ ಎದ್ದು ಹೋಗ್ತಾರೆ. ನೀವು ಪರದೆ ಕೆಳಗೆ ಬೀಳದ ಹಾಗೆ ಹಗ್ಗ ಹಿಡ್ಕೊಳ್ಳಿ.”

“ಹಗ್ಗ ಕಟ್ಟೋಕೆ ಒಂದು ಗೂಟ ಸಾಕಲ್ವಾ?”

“ಗೂಟ ಇಲ್ಲ. ಅದಕ್ಕೇ ನೀವು!”

ನಾಯಕನ ಪಾತ್ರ ಮಾಂಸದಂಗಡಿ ಗಾಸ್ಪಾರನ ಪಾಲಾಯಿತು. ಹಾಳಾಗಿ ಹೋಗಲಿ ಎನ್ನೋಣ ಅಂದರೆ, ನಾಯಕಿ ನನ್ನ ಹೆಂಡತಿ ಎಸ್ತೆಲ್! ದಂಡಿಗೆ ಹೋದ ನಲ್ಲನಿಗಾಗಿ ಅವಳು ಕಿಟಕಿಯಲ್ಲಿ ಹಾಡುತ್ತಾ ಕಾಯುತ್ತಾಳೆ. ಏಳು ಗಂಟೆ ಹೊಡೆಯುತ್ತದೆ, ಅವನು ಬರುತ್ತಾನೆ. ಆಗ ಅವಳು ನೋಡುವ ನೋಟ ಇದೆಯಲ್ಲ, ಅಯ್ಯೋ, ಕರುಳು ಕಿತ್ತು ಬರುತ್ತೆ! ನಾನು ಸೈಕಲ್ ಮೇಲೆ ಟಪಾಲು ಹಂಚುತ್ತಿದ್ದ ಕಾಲದಲ್ಲಿ ಅವಳು ನಿಜವಾಗಿಯೂ ಕಿಟಕಿಯಲ್ಲಿ ನಿಂತು ನನ್ನ ದಾರಿ ಕಾಯುತ್ತಿದ್ದಳು. ಮದುವೆಯಾಗಿ ಮೂವತ್ತೊಂದು ವರ್ಷ. ಈಗ ನೋಡುವುದು ಬೂಟು ಒರೆಸಿಕೊಂಡು ಒಳಗೆ ಬಂದೆನಾ ಅಂತ ಮಾತ್ರ. ಆ ನೋಟ ಒಂದೇ ಒಂದು ಸಲ ನನ್ನ ಮೇಲೆ ಬೀಳಬಾರದೇ ಎಂದು ತಾಲೀಮಿನ ತಿಂಗಳೆಲ್ಲ ಹಗ್ಗ ಹಿಡಿದು ಕೊರಗಿದೆ. ನಾಯಕನ ಮಾತುಗಳನ್ನೆಲ್ಲ ಕದ್ದು ಬಾಯಿಪಾಠ ಮಾಡಿದೆ.

ನಾಟಕದ ದಿನ ಚರ್ಚಿನ ಮುಂದೆಯೇ ರಂಗ. ನಮ್ಮ ಚರ್ಚಿನ ಗಡಿಯಾರ ಪ್ರತಿ ಗಂಟೆಯನ್ನೂ ಎರಡೆರಡು ಸಲ ಹೊಡೆಯುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಹೊಡೆಯುವುದು ಹೊಲದಲ್ಲಿ ಎಣಿಕೆ ತಪ್ಪಿದವರಿಗಾಗಿ. ಮೊದಲನೆಯದಕ್ಕೇ ಕೂತಲ್ಲಿಂದ ಏಳುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ! ತಾಲೀಮಿನಲ್ಲಿ ಟೀಚರ್ ಗಂಟೆಯ ಬದಲು ಬಾಣಲೆ ಬಾರಿಸುತ್ತಿದ್ದರು, ಅದೂ ಒಂದೇ ಸುತ್ತು.

ಏಳು ಹೊಡೆಯಿತು. ಎಸ್ತೆಲ್ ಕೈ ಚಾಚಿದಳು. “ಬಂದೆಯಾ, ನನ್ನ ದೊರೆ!”

ದೊರೆ ಎದುರಿನ ಅಂಗಡಿಯಲ್ಲಿ ವೈನ್ ಹೀರುತ್ತಾ ಎರಡನೇ ಸಲದ ಹೊಡೆತಕ್ಕೆ ಕಾಯುತ್ತಿದ್ದ!

“ಬಂದೆಯಾ... ದೊರೆ?” ಎಸ್ತೆಲ್ ಮತ್ತೆ ಕೈ ಚಾಚಿದಳು. ಜನ ಕಿಸಕ್ಕೆಂದರು. ನನಗೆ ತಡೆಯಲಾಗಲಿಲ್ಲ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನುಗ್ಗಿದೆ.

“ಬಂದೆ ಚಿನ್ನಾ! ಸಮರ ಗೆದ್ದು ಬಂದೆ!”

ಅವಳು ನನ್ನತ್ತ ನೋಡಿದಳು. ಅದೇ ನೋಟ! ಆದರೆ ನಾನು ರಂಗದತ್ತ ಒಂದು ಹೆಜ್ಜೆ ಇಟ್ಟರೆ ಹಗ್ಗ ಸಡಿಲವಾಗಿ ಪರದೆ ಒಂದು ಮೊಳ ಇಳಿಯುತ್ತದೆ.

“ಲೋ ಒನೊರೆ, ಹಿಂದಕ್ಕೆ ಹೋಗೋ! ಏನೂ ಕಾಣ್ತಿಲ್ಲ!” ಊರೇ ಕಿರುಚಿತು.

ಹಿಂದೆ ಸರಿದರೆ ಹೆಂಡತಿ ದೂರ, ಮುಂದೆ ಹೋದರೆ ನಾಟಕ ಹಾಳು! ಎರಡು ಸಲ ಮುಂದೆ ಹೋದೆ, ಎರಡು ಸಲ ಹಿಂದೆ ಬಂದೆ. ಆಮೇಲೆ, ನಾಟಕದ ಮನೆ ಹಾಳಾಗಲಿ ಎಂದು ಓಡಿಹೋಗಿ ಅವಳನ್ನು ತಬ್ಬಿಕೊಂಡೆ. ಪರದೆ ಮೊಣಕಾಲಿನವರೆಗೆ ಇಳಿದು ನಿಂತಿತು. ಅಷ್ಟರಲ್ಲಿ ಎರಡನೇ ಸಲ ಏಳು ಹೊಡೆಯಿತು, ಗಾಸ್ಪಾರ್ ಸರಿಯಾದ ಸಮಯಕ್ಕೆ ಒಳಗೆ ಬಂದ! ಊರಿಗೆ ಕಂಡಿದ್ದು ಮೂರು ಜೊತೆ ಬೂಟು ಮಾತ್ರ.

“ಬಿಡೋ, ಅದು ನನ್ನ ಪಾತ್ರ!”

“ಹೆಂಡತಿ ನನ್ನವಳು ಕಣೋ!”

ಅಂಥ ಚಪ್ಪಾಳೆ ನಮ್ಮೂರು ಕಂಡಿರಲಿಲ್ಲ. ಆ ಗದ್ದಲದಲ್ಲೇ ಅವಳ ಕಿವಿಯಲ್ಲಿ ಕೇಳಿಬಿಟ್ಟೆ. “ನಿಜ ಹೇಳು ಎಸ್ತೆಲ್. ತಿಂಗಳಿಡೀ ಗಾಸ್ಪಾರನ್ನ ಹಾಗೆ ನೋಡ್ತಿದ್ಯಲ್ಲಾ, ಈಗ ನನ್ನನ್ನೂ ಹಾಗೇ ನೋಡಿದ್ಯಲ್ಲಾ...”

“ಗಾಸ್ಪಾರನ್ನಾ? ಅಯ್ಯೋ ನನ್ನ ಕರ್ಮವೇ! ಅವನ ಬೆನ್ನ ಹಿಂದೆ ನೀವು ನಿಂತಿರ್ತಿದ್ರಲ್ಲ ರೀ! ಎಲ್ಲಿ ಹಗ್ಗ ಬಿಟ್ಟು ಪರದೆ ನನ್ನ ತಲೆ ಮೇಲೆ ಬೀಳಿಸ್ತೀರೋ ಅಂತ ಜೀವ ಬಿಗಿ ಹಿಡ್ಕೊಂಡು ನಿಮ್ಮನ್ನೇ ನೋಡ್ತಿದ್ದೆ!”