ಮೊದಲು ಅಪ್ಪನ ತಪ್ಪು

...ಅಥವಾ ರೈಲು ಆಮೇಲೆ ಬಂತೇನೋ. ಅವತ್ತು ಮಗಳ ಮಾತು ಮೊದಲೋ, ರೈಲು ಮೊದಲೋ ಎಂದು ಎಷ್ಟು ಸಲ ಜೋಡಿಸಿ ನೋಡಿದರೂ ಒಂದೊಂದು ಸಲ ಒಂದೊಂದು ರೀತಿ ಕೂರುತ್ತದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೆ ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವ ಚಾಳಿ. ಒಂದು ಮಾತ್ರ ಖಚಿತ: ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ತಮ್ಮ ತನ್ನ ಇಬ್ಬರು ಮಕ್ಕಳನ್ನು ಬೆಳೆಸಿಲ್ಲ. ಆ ಕೆಲಸವನ್ನು ದೇವರಿಗೆ ಹಚ್ಚಿ, ತಾನು ಮಿರ್ಚಿ ಮಂಡಕ್ಕಿ ತಿನ್ನುತ್ತ ಕೂತವನು.

ನಾನು ಹಾಗಲ್ಲ. ಕೊಟ್ಟೂರಿನ ನಮ್ಮ ಮನೆಯಲ್ಲಿ ಶಿಸ್ತು ಇದೆ. ಬೈಬಲ್ ವಚನ ಒಪ್ಪಿಸದೆ ಮಗಳಿಗೆ ಉಪ್ಪಿಟ್ಟಿಲ್ಲ. ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಮೊಣಕಾಲೂರಿ, ಕಣ್ಣು ಮುಚ್ಚಿ, "ಕರ್ತನೇ, ಮೊಬೈಲ್ ನೋಡುತ್ತಾ ಹಾಲು ಉಕ್ಕಿಸಿದ ಈ ಹುಡುಗಿಗೆ ಬುದ್ಧಿ ದಯಪಾಲಿಸು" ಎಂದು ಬೇಡುತ್ತೇನೆ. ಪ್ರಾರ್ಥನೆ ನೋಡಿ, ಎದುರಾಡುವಂತಿಲ್ಲ. ಬೈಗುಳಕ್ಕೆ ಇದಕ್ಕಿಂತ ಭದ್ರವಾದ ಜಾಗ ಎಲ್ಲಿದೆ? ಒಮ್ಮೆ ಆಮೆನ್ ಆದಮೇಲೆ ಮಗಳು ಕೇಳಿದಳು: "ಅಪ್ಪಾ, ಇದು ದೇವ್ರಿಗಿ ಹೇಳಿದ್ದೋ, ನನಗ ಹೇಳಿದ್ದೋ?"

"ಇಬ್ರಿಗೂ" ಎಂದೆ.

"ಹಂಗಾರ ದೇವ್ರೂ ನಾಳಿಂದ ಮೊಬೈಲ್ ಮುಟ್ಟಂಗಿಲ್ಲ ಬಿಡು."

ತಮ್ಮನ ಮನೆಯಲ್ಲಿ ಎಲ್ಲ ತಲೆಕೆಳಗು. ಅಲ್ಲಿ ಪ್ರಾರ್ಥನೆಯಲ್ಲಿ ಮೊದಲು ಅಪ್ಪನ ತಪ್ಪು. "ಕರ್ತನೇ, ಇವತ್ತು ಆಫೀಸಿಗಿ ಲೇಟಾಗಿ ಹೋಗಿ, ಬಸ್ ಕೆಟ್ಟಿತ್ತು ಅಂತ ಸುಳ್ಳು ಹೇಳಿದೆ. ಬಸ್ ಚಲೋನ ಇತ್ತು, ನಾನ ಮಲ್ಕೊಂಡಿದ್ದೆ." ಮಕ್ಕಳು ಕಿಸಕ್ಕನೆ ನಗುತ್ತವೆ. ಆಮೇಲೆ ಒಂದೊಂದಾಗಿ ತಮ್ಮ ಗಂಟನ್ನೂ ಬಿಚ್ಚುತ್ತವೆ. ಇದೇನು ಪ್ರಾರ್ಥನೆಯೋ, ಹರಟೆಕಟ್ಟೆಯೋ?

ಒಂದು ಕ್ರಿಸ್‌ಮಸ್‌ಗೆ ಅವನ ಮಗ ಚರ್ಚಿನ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯಕ್ಕೆ, ಜೀವಂತ ಕುರಿಮರಿಯೇ ಬೇಕೆಂದು, ಊರ ಹೊರಗಿನ ಕುರಿಹಟ್ಟಿಯಿಂದ ಒಂದನ್ನು ಕೇಳದೆ ಎತ್ತಿಕೊಂಡು ಬಂದ. ಪಾಸ್ಟರು ಪ್ರಸಂಗದ ನಡುವೆ ಇದ್ದಾಗ ಕುರಿಯವನು ಬಾಗಿಲಲ್ಲಿ ನಿಂತು, "ನಮ್ಮ ಮರಿ ಇಲ್ಲಿ ಐತೇನ್ರಿ?" ಎಂದ. ಮರಿಯೇ ಉತ್ತರ ಕೊಟ್ಟಿತು. ನಾನಾಗಿದ್ದರೆ ಅಲ್ಲೇ ಎರಡು ಬಿಗಿಯುತ್ತಿದ್ದೆ. ತಮ್ಮನಾದರೋ ಮಗನ ಕೈ ಹಿಡಿದುಕೊಂಡು ಹೋಗಿ ತಾನೇ ಮೊದಲು ಕೈ ಮುಗಿದ. "ತಪ್ಪಾತ್ರಿ. ಮರಿ ತರ್ತೀನಿ ಅಂದಾಗ ಹ್ಞೂಂ ಅಂದವ ನಾನು. ಎಲ್ಲಿಂದ ತರ್ತಿ ಅಂತ ಕೇಳ್ಲಿಲ್ಲ." ಅಪ್ಪ ತಲೆ ತಗ್ಗಿಸಿದ್ದು ನೋಡಿ ಹುಡುಗ ಗಳಗಳ ಅತ್ತ. ಕುರಿಯವನು ಕೇಕು ತಿಂದು, ಮರಿಯನ್ನು ಹೆಗಲಿಗೇರಿಸಿ, "ಮುಂದಿನ ವರ್ಸ ಹೇಳಿ ಒಯ್ರಿ, ಎರಡು ಕೊಡ್ತೀನಿ" ಎಂದು ಹೋದ.

ನನಗೆ ತಡೆಯಲಾಗಲಿಲ್ಲ. "ಲೇ, ಒಂದು ಏಟರ ಹಾಕಬಾರದಾ? ಕೃಪೆ ಅಂದ್ರ ಬಿಟ್ಟಿ ಅಂತ ತಿಳ್ಕೊಂಡೀಯೇನು?"

"ಬಿಟ್ಟೀನ ಅಣ್ಣಾ. ರೊಕ್ಕ ಕೊಟ್ಟಿದ್ರ ಅದು ಕೃಪೆ ಹೆಂಗಾಕ್ಕತಿ?"

ಆ ಮಕ್ಕಳು ಕೆಟ್ಟುಹೋಗಿದ್ದರೆ ನನಗೆಷ್ಟು ನೆಮ್ಮದಿ ಇರುತ್ತಿತ್ತು! ಕೆಡಲಿಲ್ಲ. ನಾನು ಬೆವರಿಳಿಸಿಯೂ ಪಡೆಯಲಾಗದ್ದನ್ನು ದೇವರು ಅವನಿಗೆ ಮಂಡಕ್ಕಿ ಪೊಟ್ಟಣದ ಜೊತೆಗೇ ಕಟ್ಟಿಕೊಟ್ಟಂತಿತ್ತು.

ಹೀಗಿರುವಾಗ, ಪಿಯುಸಿ ಪರೀಕ್ಷೆಗೆಂದು ಹೊರಟ ನನ್ನ ಮಗಳು ಪರೀಕ್ಷೆಗೆ ಹೋಗದೆ ಬಸ್ ಹತ್ತಿ ಚಿಕ್ಕಪ್ಪನ ಮನೆ ಸೇರಿದಳು. ಇಳಿಹೊತ್ತಿಗೆ ತಮ್ಮನ ಫೋನು: "ಇಲ್ಲಿ ಅದಾಳ. ಫಿಸಿಕ್ಸ್ ಬರ್ದಿಲ್ಲ. ಊಟ ಮಾಡ್ಯಾಳ. ಬೈಯೋದಾದ್ರ ನಿಧಾನ ಬಾ, ಸುಮ್ನಿರ್ತೀನಿ ಅಂದ್ರ ಲಗೂನ ಬಾ."

ನಾನು ಬೈಯಲಿಕ್ಕೇ ಲಗುಬಗೆಯಿಂದ ಹೊರಟೆ. ಬೈಕಿನ ಮೇಲೆ ದಾರಿಯುದ್ದಕ್ಕೂ ಒಂದು ಪ್ರಾರ್ಥನೆ ತಯಾರು ಮಾಡಿದೆ. ಅಂಥ ಬೈಗುಳವನ್ನು ದೇವರು ಹಿಂದೆಂದೂ ಕೇಳಿರಲಾರ.

ತಮ್ಮನ ಮನೆ ರೈಲು ಹಳಿಯ ಪಕ್ಕ. ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು, ಒಳಗೆ ಪ್ರಾರ್ಥನೆ ನಡೆದಿತ್ತು. ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವಾಗ ಮಗಳ ದನಿ: "ಕರ್ತನೇ, ನಮ್ಮಪ್ಪ..." ಅಷ್ಟರಲ್ಲಿ ರೈಲು ಬಂತು. ಕಿಟಕಿಗಳೆಲ್ಲ ನಡುಗಿದವು. ಅದು ದಾಟಿಹೋದಾಗ ಕೇಳಿಸಿದ್ದು ಆಮೆನ್ ಮಾತ್ರ. ಕೆಲವು ಸಲ ರೈಲಿಗೆ ಮುಂಚೆ "ಹೆದರಿಕಿ" ಎಂಬ ಮಾತೂ ಕೇಳಿಸಿತ್ತು ಅನಿಸುತ್ತದೆ. ಆ ಮಾತನ್ನು ಅಲ್ಲಿ ನಾನೇ ಇಟ್ಟಿರಬಹುದು.

ಒಳಗೆ ಹೋದೆ. ಯಾರೂ ಎದ್ದು ನಿಲ್ಲಲಿಲ್ಲ. ಚಾಪೆಯ ಮೇಲೆ ಸರಿದು ಜಾಗ ಮಾಡಿದರು. "ಬಾ ಅಣ್ಣಾ, ನೀನೊಬ್ಬನ ಉಳಿದಿ" ಎಂದ ತಮ್ಮ.

ಮೊಣಕಾಲೂರಿದೆ. "ಕರ್ತನೇ" ಎಂದೆ. ತಯಾರಾದ ಬೈಗುಳ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಆ ಮನೆಯಲ್ಲಿ ಮೊದಲು ಅಪ್ಪನ ತಪ್ಪಲ್ಲವೇ? ಎಲ್ಲರೂ ಕಾಯುತ್ತಿದ್ದರು. ಕೊನೆಗೆ ಬಾಯಿಂದ ಬಂದದ್ದು ಇದು: "ನನಗ ನನ್ನ ತಮ್ಮನ ಮ್ಯಾಲೆ ಹೊಟ್ಟಿಕಿಚ್ಚು ಐತಿ. ನನ್ನ ಮಗಳು ನನ್ನ ಬಿಟ್ಟು ಇವನ ಹತ್ರ ಬಂದ್ಲು."

ಯಾರೋ ಫಕ್ಕನೆ ನಕ್ಕರು. ಮಿರ್ಚಿಯ ಎಣ್ಣೆ ಹತ್ತಿದ್ದ ಒಂದು ಕೈ ಬಂದು ನನ್ನ ಅಂಗೈಯಲ್ಲಿ ಕೂತಿತು. ಕಣ್ಣು ತೆರೆಯಲಿಲ್ಲ, ತೆರೆದರೆ ಎಲ್ಲಿ ತೆಗೆದುಬಿಡುತ್ತಾಳೋ ಎಂದು.

ಈಗ ಅವಳು ಮರುಪರೀಕ್ಷೆಗೆ ಓದುತ್ತಿದ್ದಾಳೆ. ಉಪ್ಪಿಟ್ಟು ವಚನಕ್ಕೆ ಕಾಯುವುದಿಲ್ಲ. ನಮ್ಮ ಮನೆಯಲ್ಲೂ ಪ್ರಾರ್ಥನೆ ಅಪ್ಪನ ತಪ್ಪಿನಿಂದಲೇ ಶುರು, ದಾಸ್ತಾನಿಗೇನೂ ಕೊರತೆಯಿಲ್ಲ. ಆದರೆ ಅವತ್ತು "ನಮ್ಮಪ್ಪ" ಎಂದಮೇಲೆ ಅವಳು ದೇವರಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ. ತಮ್ಮನಿಗೆ ಗೊತ್ತು. ನಾನು ಕೇಳಿಲ್ಲ.