ಎದೆಮಟ್ಟದ ನೀರು

ಮುನಿಕೃಷ್ಣಪ್ಪನವರ ಮನೆಯಲ್ಲಿ ಮಳೆಯನ್ನು ಕಿಟಕಿಯಿಂದ ನೋಡುವ ಪದ್ಧತಿ ಇರಲಿಲ್ಲ. ಕಿಟಕಿಯಲ್ಲಿ ಕಾಣುವುದು ನಮ್ಮ ಬೀದಿಯ ಮಳೆ ಮಾತ್ರ, ಅದರಲ್ಲಿ ಹೆಚ್ಚುಗಾರಿಕೆ ಏನಿದೆ ಎಂಬುದು ಅವರ ವಾದ. ‘ಸುದ್ದಿ ಸಿಡಿಲು’ ವಾಹಿನಿಯಲ್ಲಿ ಸುರಿಯುವ ಮಳೆಗಾದರೋ ಹಿನ್ನೆಲೆ ಸಂಗೀತವಿತ್ತು, ಕೆಂಪು ಬಾಣಗಳಿದ್ದವು, ರೇನ್‌ಕೋಟು ತೊಟ್ಟು ಸ್ಟುಡಿಯೋದೊಳಗೇ ನಡುಗುವ ನಿರೂಪಕನಿದ್ದ. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ನಡೆಸುವ ಮುನಿಕೃಷ್ಣಪ್ಪನವರು ಆ ನಿರೂಪಕನ ಮಾತು ಕೇಳಿ ಕೊತ್ತಂಬರಿ ತರಿಸುವುದನ್ನು ನಿಲ್ಲಿಸಿದ್ದುಂಟು. ತರಿಸಿದ್ದನ್ನು ಟಾರ್ಪಾಲಿನಡಿ ಮುಚ್ಚಿಟ್ಟು ಸುಡುಬಿಸಿಲಿನಲ್ಲಿ ಬೇಯಿಸಿದ್ದೂ ಉಂಟು. ‘ಇನ್ನು ಕೆಲವೇ ಗಂಟೆಗಳಲ್ಲಿ ಬೆಂಗಳೂರು ಇರುವುದಿಲ್ಲ’ ಎಂದು ವಾಹಿನಿ ಸಾರಿದ ದಿನ ಫ್ರಿಜ್ಜನ್ನು ಮಂಚದ ಮೇಲೇರಿಸಿ ತಾವು ನೆಲದ ಮೇಲೆ ಮಲಗಿದ್ದರು. (ಬೆಳಗ್ಗೆ ಬೆಂಗಳೂರು ಇತ್ತು. ಸೊಂಟ ಇರಲಿಲ್ಲ.)

ಅವರ ಹೆಂಡತಿ ಪ್ರೇಮಲತಾ ಮಾತ್ರ ಬಟ್ಟೆ ಒಣಹಾಕುವ ಮುನ್ನ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಇದು ಶುದ್ಧ ಅವೈಜ್ಞಾನಿಕ ಕ್ರಮವೆಂದು ಪತಿದೇವರು ಆಗಾಗ ಎಚ್ಚರಿಸುತ್ತಿದ್ದರು.

ಅವರ ಮಗಳು ಮಾಧವಿಗೆ ಹೊಸಕೋಟೆ ಕಡೆಯ ಸಂಬಂಧವೊಂದು ಕೂಡಿಬಂದಿತ್ತು. ಹುಡುಗ ರುದ್ರೇಶ್, ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಭಾನುವಾರ ಹುಡುಗನ ಕಡೆಯವರು ಮನೆಗೆ ಬಂದು ಎಲೆ ಅಡಿಕೆ ಬದಲಾಯಿಸಿಕೊಂಡರೆ ಮಾತು ಗಟ್ಟಿ. ಅದು ತಪ್ಪಿದರೆ ಆಷಾಢ. ಆಷಾಢ ಮುಗಿಯುವ ತನಕ ಕಾಯುವ ಸಂಯಮ ಹುಡುಗನ ಅಜ್ಜಿ ಸಪ್ಪಲಮ್ಮನವರಿಗೆ ಇರಲಿಲ್ಲ. ದೇವನಹಳ್ಳಿಯ ಇನ್ನೊಂದು ಹೆಣ್ಣಿನ ಜಾತಕ ಆಕೆಯ ಸೆರಗಿನ ಗಂಟಿನಲ್ಲಿ ಸಿದ್ಧವಾಗಿದೆ ಎಂಬ ಗುಪ್ತ ಮಾಹಿತಿ ಪ್ರೇಮಲತಾಗೆ ತಲುಪಿತ್ತು. ಆ ಮನೆಯಲ್ಲಿ ಹುಡುಗನ ತಂದೆ ಮುರುಗೇಶ್ ಮಾತಾಡುತ್ತಿದ್ದರು, ತೀರ್ಮಾನಿಸುವವರು ಸಪ್ಪಲಮ್ಮ.

ಶನಿವಾರ ಮಧ್ಯಾಹ್ನ ಒಂದು ಮಳೆ ಬಂದು ಹೋಯಿತು. ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಶ್ರೀರಾಂಪುರದತ್ತ ಇಳಿಯುವ ಅವರ ಬೀದಿಯ ತಗ್ಗಿನಲ್ಲಿ ಎಂದಿನಂತೆ ಮೀನಖಂಡ ಮುಳುಗುವಷ್ಟು ನೀರು ನಿಂತಿತು. ಮರುದಿನದ ಶಾಸ್ತ್ರಕ್ಕೆಂದು ವೀಳ್ಯದೆಲೆ ಕೊಂಡು ಬರುತ್ತಿದ್ದ ಮುನಿಕೃಷ್ಣಪ್ಪನವರು ಅಲ್ಲಿ ಕಂಡದ್ದು ಸಾಕ್ಷಾತ್ ‘ಸುದ್ದಿ ಸಿಡಿಲು’ ವಾಹಿನಿಯ ಕ್ಯಾಮೆರಾ. ವರದಿಗಾರ ನೀರನ್ನೇ ನೋಡುತ್ತ, ಕಡಿಮೆ ತೂಗಿದ ಅಂಗಡಿಯವನನ್ನು ನೋಡುವಂತೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

“ನೀರು ಸಾಲ್ತಿಲ್ಲ ಸಾರ್,” ಎಂದ. “ನೀವು ಸ್ವಲ್ಪ ಕೂತ್ಕೊಂಡ್ಬಿಟ್ರೆ ಎದೆಮಟ್ಟ ಬರುತ್ತೆ.”

ದಿನವೂ ಪೂಜಿಸುವ ದೇವರು ಎದುರಿಗೆ ಬಂದು ಒಂದು ಸಣ್ಣ ಸಹಾಯ ಕೇಳಿದರೆ ಭಕ್ತನಾದವನು ಏನು ಮಾಡಬೇಕು? ಮುನಿಕೃಷ್ಣಪ್ಪನವರು ಪಂಚೆ ಸರಿಪಡಿಸಿಕೊಂಡು, ಮದುವೆ ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಆ ಕೊಳಕು ನೀರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ವೀಳ್ಯದೆಲೆಯ ಕಟ್ಟನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದರು. (ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕಲೆ ಒಳಗಿನಿಂದ ಉಕ್ಕಿತ್ತು.) ಹುಟ್ಟಿದಾಗಿನಿಂದ ಇಂಥ ನೀರು ಕಂಡಿಲ್ಲವೆಂದರು, ಮನೆಯೊಳಗೆ ಪಾತ್ರೆಗಳು ತೇಲುತ್ತಿವೆ ಎಂದರು. ಕ್ಯಾಮೆರಾ ತಮ್ಮ ಮೇಲಿಂದ ಸರಿದ ಮೇಲೂ ಇನ್ನೊಂದಿಷ್ಟು ಹೇಳಿದರು.

ಸಂಜೆ ‘ಮಲ್ಲೇಶ್ವರ ಮುಳುಗಡೆ: ಎದೆಮಟ್ಟದ ನೀರಿನಲ್ಲಿ ವೃದ್ಧನ ಆಕ್ರಂದನ’ ಎಂಬ ಶೀರ್ಷಿಕೆಯ ಮೇಲೆ ಅವರು ಮತ್ತೆ ಮತ್ತೆ ಕಾಣಿಸಿಕೊಂಡರು. ‘ವೃದ್ಧ’ ಎಂಬ ಪದದ ಹೊರತು ಉಳಿದದ್ದೆಲ್ಲ ಅವರಿಗೆ ತೃಪ್ತಿಕರವಾಗಿತ್ತು. ಅಡುಗೆಮನೆಯಿಂದ ಬಂದ ಪ್ರೇಮಲತಾ ಪರದೆಯನ್ನೂ ಗಂಡನನ್ನೂ ಒಂದೊಂದು ಸಲ ನೋಡಿ, ಪಾತ್ರೆ ತೇಲಿದ್ದು ಯಾರ ಮನೆಯಲ್ಲಿ ಎಂದಷ್ಟೇ ಕೇಳಿದರು. ಅಷ್ಟರಲ್ಲಿ ಹೊಸಕೋಟೆಯಿಂದ ಫೋನು ಬಂತು.

ಮುರುಗೇಶರ ದನಿಯಲ್ಲಿ ಸಾವಿನ ಮನೆಗೆ ಬಂದವರ ಮೆಲುಪು ಇತ್ತು. ಎಲ್ಲರೂ ಮಹಡಿ ಮೇಲಿದ್ದೀರಾ, ಊಟಕ್ಕೇನು ಮಾಡಿಕೊಂಡಿರಿ ಎಂದು ವಿಚಾರಿಸಿದರು. ಇಂಥ ಹೊತ್ತಿನಲ್ಲಿ ಶಾಸ್ತ್ರ ಬೇಡ, ಅಮ್ಮನೂ ಹಾಗೇ ಅಂತಿದಾರೆ, ಆಷಾಢ ಕಳೆದ ಮೇಲೆ ನೋಡೋಣ ಎಂದರು. ನೀರು ನುಗ್ಗುವ ಮನೆಯಿಂದ ಹೆಣ್ಣು ತರುವುದು ಹೇಗೆಂದು ಹಿಂದಿನಿಂದ ಒಂದು ಮುದಿದನಿ ಕೇಳುತ್ತಿದ್ದದ್ದು ಇವರ ಕಿವಿಗೂ ಬಿತ್ತು. ದೇವನಹಳ್ಳಿಯ ಜಾತಕ ಸೆರಗಿನ ಗಂಟಿನಿಂದ ಹೊರಬರುತ್ತಿರುವ ಸದ್ದೂ ಕೇಳಿದಂತಾಯಿತು.

“ನೀರೇ ಇಲ್ಲ ಮುರುಗೇಶಣ್ಣ,” ಎಂದರು ಮುನಿಕೃಷ್ಣಪ್ಪನವರು. “ ರಸ್ತೆ ಆಗಲೇ ಒಣಗಿದೆ.”

“ಮರ್ಯಾದೆಗೆ ಹಂಗಂತೀರ. ನಾವೇ ನೋಡಿದ್ವಲ್ಲ ಅಣ್ಣಾ.”

“ಟಿ.ವಿ.ಯವರು ಏನು ಬೇಕಾದ್ರೂ ತೋರಿಸ್ತಾರೆ. ನಾನು ಹೇಳ್ತಿದೀನಲ್ಲ, ನನ್ ಮಾತು ನಂಬಿ.”

“ಟಿ.ವಿ.ಲೂ ನೀವೇ ಹೇಳಿದ್ದು,” ಎಂದರು ಮುರುಗೇಶ್, ಅಷ್ಟೇ ಮೆಲುವಾಗಿ.

ಮುನಿಕೃಷ್ಣಪ್ಪನವರು ಫೋನು ಹಿಡಿದು ಬೀದಿಗೆ ಓಡಿ ವಿಡಿಯೋದಲ್ಲಿ ರಸ್ತೆಯನ್ನು ತೋರಿಸಿದರು. ಅದು ಬೇರೆ ಬೀದಿ ಇರಬೇಕೆಂದು ಅತ್ತಲಿನವರು ಅನುಮಾನಿಸಿದರು. ಮನೆಯೊಳಗೆ ತಂದು ಒಣ ನೆಲ ತೋರಿಸಿದರು. ಅದು ಮಹಡಿಯ ನೆಲವೆಂದು ಆ ಕಡೆ ತೀರ್ಮಾನವಾಯಿತು. ಸುಳ್ಳನ್ನು ಒಂದೇ ಮಾತಿಗೆ ನಂಬಿದ ಸಜ್ಜನರು ನಿಜಕ್ಕೆ ಎಷ್ಟು ಸಾಕ್ಷಿ ಕೊಟ್ಟರೂ ಒಪ್ಪಲೊಲ್ಲರು. ಉಳಿದದ್ದು ಒಂದೇ ದಾರಿ, ತಪ್ಪೊಪ್ಪಿಗೆ. ಆ ಒಂದು ವಾಕ್ಯ ಅವರ ಗಂಟಲಿನವರೆಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಬಾಗಿಲ ಬಳಿ ಮಾಧವಿ ದುಪಟ್ಟಾದ ತುದಿ ತಿರುಚುತ್ತ ನಿಂತಿದ್ದಳು.

ಪ್ರೇಮಲತಾ ಫೋನು ಕಸಿದುಕೊಂಡರು.

“ಅಣ್ಣಾ, ಇರೋದು ಹೇಳ್ಬಿಡ್ತೀನಿ. ನೀರು ಇಷ್ಟೇ ಇಷ್ಟಿತ್ತು. ಇವರು ಅದ್ರಲ್ಲಿ ಕೂತಿದ್ರು.”

ಆ ಕಡೆ ಯಾರೋ ಕೆಮ್ಮಿದರು, ಮತ್ಯಾರೋ ಒಳಕ್ಕೆ ಓಡಿದರು. ಕೊನೆಗೆ ಮುರುಗೇಶ್, ಬೆಳಗ್ಗೆ ಬರುತ್ತೇವೆ, ಅಮ್ಮನಿಗೆ ಅವರನ್ನು ಒಂದ್ಸಲ ನೋಡಬೇಕಂತೆ ಎಂದು ಹೇಳಿ ಫೋನಿಟ್ಟರು. ನೋಡಬೇಕಾದದ್ದು ಹುಡುಗಿಯನ್ನಲ್ಲ, ಹುಡುಗಿಯ ತಂದೆಯನ್ನು. ಗಂಡಾಂತರ ಅರ್ಧ ಕಳೆಯಿತೆಂದು ಪ್ರೇಮಲತಾ ಉಸಿರುಬಿಟ್ಟರು. ಉಳಿದರ್ಧವನ್ನು ನೆನೆದು ಮುನಿಕೃಷ್ಣಪ್ಪನವರಿಗೆ ಊಟ ಸೇರಲಿಲ್ಲ.

ಭಾನುವಾರ ಬಂದವರು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಡುಮನೆಯ ಚಾಪೆಯ ಮೇಲೆ ಸಾಲಾಗಿ ಕೂತರು. ಎಲೆ ಅಡಿಕೆಯ ತಟ್ಟೆ ನಡುವೆ ಇತ್ತು. ಅದರತ್ತ ಕಣ್ಣೂ ಹಾಯಿಸದೆ ಸಪ್ಪಲಮ್ಮನವರು ಮನೆಯ ಯಜಮಾನರನ್ನೇ ದಿಟ್ಟಿಸಿದರು. ಪರಿಚಯವಾದಾಗಿನಿಂದಲೂ ಆಕೆ ಅವರನ್ನು ‘ಮಂಡಿಯೋರೇ’ ಎನ್ನುತ್ತಿದ್ದರು. ಅದಕ್ಕಿಂತ ಹತ್ತಿರದ ಮಾತು ಇನ್ನೂ ಆ ಬಾಯಿಂದ ಬಂದಿರಲಿಲ್ಲ.

“ಕುಂತ್ಕಂಡೇ ಇಷ್ಟು ಸುಳ್ಳು ಯೋಳೋರು, ನಿಂತ್ಕಂಡ್ರೆ ಎಷ್ಟು ಯೋಳ್ತೀರ, ಮಂಡಿಯೋರೇ?”

ಸಭೆ ಬಾಯಿಗೆ ಟವೆಲು ಒತ್ತಿಕೊಂಡಿತು. ರುದ್ರೇಶ್ ಸೂರಿನ ಫ್ಯಾನನ್ನು ಅಧ್ಯಯನ ಮಾಡತೊಡಗಿದ. ಮುನಿಕೃಷ್ಣಪ್ಪನವರು ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಟಿ.ವಿ.ಯೇ ಇಲ್ಲದ ಒಂದು ನಾಗರಿಕತೆಯನ್ನು ಕಲ್ಪಿಸಿಕೊಂಡರು.

ಅಷ್ಟರಲ್ಲಿ ಹೊರಗೆ ಕತ್ತಲೆ ಕವಿಯಿತು. ಮಳೆ ಹಿನ್ನೆಲೆ ಸಂಗೀತವಿಲ್ಲದೆ, ಬಾಣಗಳಿಲ್ಲದೆ, ಯಾರ ಎಚ್ಚರಿಕೆಯೂ ಇಲ್ಲದೆ ಧೋ ಎಂದು ಬಿತ್ತು. (ವಾಹಿನಿ ಆ ಬೆಳಗ್ಗೆ ಯಾರೋ ನಟನ ವಿಚ್ಛೇದನದಲ್ಲಿ ಮುಳುಗಿತ್ತು.) ಬಾಗಿಲಿಗೆ ಹೋಗಿ ಇಣುಕಿದ ಮುನಿಕೃಷ್ಣಪ್ಪನವರು ಬೆಚ್ಚಿದರು. ಬೀದಿಯ ನೀರು ನೋಡನೋಡುತ್ತ ಮೇಲೇರಿ ಕೆಳಗಿನ ಮೆಟ್ಟಿಲು ಮುಟ್ಟುತ್ತಿತ್ತು. ಚಪ್ಪಲಿಗಳು ಅಲುಗಾಡುತ್ತಿದ್ದವು.

“ನೀರು ಬರ್ತಿದೆ,” ಎಂದರು ಒಳಗೆ ತಿರುಗಿ. “ಮೆಟ್ಲಿಗೆ ಬಂತು.”

ಯಾರೂ ಏಳಲಿಲ್ಲ. ಎಷ್ಟು ಬಂದಿದೆ ಎಂದು ಮುರುಗೇಶ್ ವಿನಯದಿಂದ ಕೇಳಿದರು. ಎದೆಮಟ್ಟವೇ ಎಂದು ಇನ್ನೊಬ್ಬರು. ಸ್ವಂತ ಹೆಂಡತಿಯೇ ಕಾಫಿ ಲೋಟ ಜೋಡಿಸುತ್ತ, ಸುಮ್ನೆ ಬಂದು ಕೂತ್ಕೊಳ್ರೀ ಎಂದುಬಿಟ್ಟರು. ಕೂರುವ ಮಾತು ಬಂದದ್ದೇ ತಡ, ಮತ್ತೆ ನಗೆ ಎದ್ದಿತು.

ಹೊಸಕೋಟೆಯ ಚಪ್ಪಲಿಗಳು ಶ್ರೀರಾಂಪುರದ ಹಾದಿ ಹಿಡಿದರೆ ಈ ಸಂಬಂಧ ಯಾವ ಶ್ರಾವಣಕ್ಕೂ ದಕ್ಕದೆಂದು ಅವರಿಗೆ ಹೊಳೆಯಿತು. ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಧಾರಾಕಾರ ಮಳೆಯಲ್ಲಿ ಒಬ್ಬರೇ ಇಳಿದರು. ನೀರು ಮೊಣಕಾಲಿಗೆ ಬಂದಿತ್ತು, ನಿಜವಾಗಿಯೂ. ತೇಲಿದವನ್ನು ಹಿಡಿದು ಮೇಲೆ ಎಸೆದರು. ಸಪ್ಪಲಮ್ಮನವರ ಹಳೆಯ ಚರ್ಮದ ಮೆಟ್ಟು ತೇಲದೆ ಮುಳುಗಿತ್ತು. ಅದನ್ನು ತಡಕಲು ಕುಕ್ಕರುಗಾಲಿನಲ್ಲಿ ಕೂತದ್ದರಿಂದ ನೀರು ಎದೆಯವರೆಗೂ ಬಂತು.

ಮೆಟ್ಟು ಕೈಗೆ ಸಿಕ್ಕ ಹೊತ್ತಿಗೆ, ಹೊರಗೆ ಹೋದವರು ಏಕೆ ಬರಲಿಲ್ಲವೆಂದು ನೋಡಲು ಸಪ್ಪಲಮ್ಮನವರು ಬಾಗಿಲಿಗೆ ಬಂದಿದ್ದರು. ಮಳೆಯ ಪರದೆಯಾಚೆ, ಎದೆಮಟ್ಟದ ನೀರಿನಲ್ಲಿ, ತಮ್ಮ ಮೆಟ್ಟನ್ನು ಎರಡೂ ಕೈಯಿಂದ ಎತ್ತಿ ಹಿಡಿದ ಆಕೃತಿಯನ್ನು ಕೊಂಚ ಹೊತ್ತು ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು:

“ಲೋ ಮುರುಗೇಶ, ಆ ತಟ್ಟೆ ಎತ್ಕಳ್ಳೋ, ಎಲೆ ಅಡಿಕೆ ಬದ್ಲಾಯಿಸ್ಕಳವ. ನಮ್ಮ ಬೀಗರು ಮತ್ತೆ ಕುಂತವ್ರೆ, ಟಿ.ವಿ.ಯೋರು ಬಂದಂಗವ್ರೆ.”

ಬೀಗರು! ಮುನಿಕೃಷ್ಣಪ್ಪನವರು ಆ ಮಾತನ್ನು ನೀರಿನಲ್ಲಿ ಕೂತೇ ಇನ್ನೊಮ್ಮೆ ಮನಸ್ಸಿನಲ್ಲಿ ಆಡಿಕೊಂಡರು. ಎದ್ದು ನಿಂತು, ಈ ಸಲ ನೀರು ನಿಜ ಎಂದು ಅಳೆದು ತೋರಿಸಬಹುದಿತ್ತು. ಯಾಕೋ ಅದರ ಅಗತ್ಯ ಕಾಣಲಿಲ್ಲ.