ಮಿಕ್ಸರಿನ ಪ್ಲಗ್ಗೂ ಕಾಕಾರ ಪಟ್ಟಿಯೂ

ನನ್ನ ಗಂಡನ ಕಾಕಾರನ್ನು ಸಕ್ಕರೆ ಎಲ್ಲಿದೆ ಎಂದು ಕೇಳಿ ನೋಡಿ. ಚಹಾ ಆರುತ್ತದೆ, ಸಕ್ಕರೆ ಬರುವುದಿಲ್ಲ!

"ಎಲ್ಲೈತಿ ಅಂತ ಕೇಳಬ್ಯಾಡವಾ. ಎಂಥಾದ್ದು ಅಂತ ಹೇಳು, ಯಾರ ಹತ್ರ ಇದ್ರೂ ಸಿಗತೈತಿ."

"ಬೆಳ್ಳಗೈತಿ, ಸಿಹಿ ಐತಿ, ನಿಮ್ಮ ಬೆನ್ನ ಹಿಂದ ಐತಿ!" ಎಂದು ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಕೂಗುತ್ತಾರೆ.

ಸಾಂಗಲಿಯ ಅವರ ಮನೆಗೆ ಹೊಳೆ ನುಗ್ಗಿ ಅರ್ಧ ಕಾಗದಪತ್ರ ಮುದ್ದೆಯಾದ ಮೇಲೆ ಹತ್ತಿದ ಹುಚ್ಚು ಇದು. ಉಳಿದದ್ದನ್ನು ಕಂಪ್ಯೂಟರಿಗೆ ಏರಿಸಿ, ಮೂಲವನ್ನು ರದ್ದಿಗೆ ಹಾಕಿ, ಇಂಟರ್ನೆಟ್ಟಿನಲ್ಲಿ ಜೋಡಿಸಿದ ಮೂರು ಪುಟ್ಟ ಡಬ್ಬಿಗಳಿಗೆ, ಒಂದೊಂದು ಕಡತ ಯಾವುದಾದರೂ ಎರಡರಲ್ಲಿರುವಂತೆ, ಹಂಚಿದರು: ಒಂದು ತಮ್ಮಲ್ಲಿ, ಒಂದು ಕುಪವಾಡದ ನನ್ನ ನಾದಿನಿಯಲ್ಲಿ, ಒಂದು ಮಿರಜದ ನನ್ನ ಅಡುಗೆಮನೆಯಲ್ಲಿ. ಪ್ರತಿ ಕಡತಕ್ಕೂ ಅದರೊಳಗಿನ ವಿಷಯದಿಂದಲೇ ಹುಟ್ಟಿದ ಉದ್ದನೆಯ ನಂಬರು. 'ಮನೆ, ಕಾಕು, ಎದೆಚಿತ್ರ' ಎಂದು ಕಾಕುವಿನ ಎಕ್ಸ್‌ರೇಗೆ ದಾರಿ ಕೊಟ್ಟರೆ, ಮೊದಲು ಮನೆಯ ಪಟ್ಟಿ ತೆರೆಯಬೇಕು. ಅದರಲ್ಲಿ ಕಾಕುವಿನ ಪಟ್ಟಿಯ ನಂಬರು. ಯಾರಲ್ಲಿದೆ ಎಂದು ಎಲ್ಲ ಡಬ್ಬಿಗಳನ್ನೂ ಕೇಳಬೇಕು. ಆ ಪಟ್ಟಿ ಸಿಕ್ಕರೆ ಅದರಲ್ಲಿ ಚಿತ್ರದ ನಂಬರು. ಮತ್ತೆ ಕೇಳಬೇಕು! ಇದಕ್ಕಿಂತ ಹೆಣ್ಣು ನೋಡುವುದು ಸುಲಭವಲ್ಲವೇ?

ಪ್ರತಿ ಸೋಮವಾರ ಫೋನು. "ಡಬ್ಬಿ ಹಸಿರು ಮಿಣುಕಾಕತ್ತೈತೇನವಾ?"

"ಹೌದ್ರಿ ಕಾಕಾ."

ಸುಳ್ಳು! ಡಬ್ಬಿಗೆಂದಿದ್ದ ಪ್ಲಗ್ಗಿನಲ್ಲಿ ನನ್ನ ಮಿಕ್ಸರ್ ಇತ್ತು. ಡಬ್ಬಿಗೆ ಕ್ರೋಶಾ ಹೊದಿಕೆ, ಅದರ ಮೇಲೆ ಉಪ್ಪಿನಕಾಯಿ ಭರಣಿ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಕ್ರೋಶಾ ನೆನಪಿತ್ತು, ಅವರು ಕಲಿಸಿದ ಸತ್ಯ ಮರೆತಿತ್ತು. ಕುಪವಾಡದಲ್ಲಿ ಇದ್ದೇ ಇದೆಯಲ್ಲ ಎಂಬ ಧೈರ್ಯ ಬೇರೆ.

ಹೋದ ತಿಂಗಳು ಕಾಕುವನ್ನು ಮಿರಜದ ದವಾಖಾನೆಗೆ ಸೇರಿಸಿದರು. ಎದೆಯಲ್ಲೊಂದು ಕಲೆ. ಅದು ಹಳೆಯ ಎಕ್ಸ್‌ರೇ ಚಿತ್ರದಲ್ಲೂ ಇತ್ತೋ ಇಲ್ಲವೋ ನೋಡಿಯೇ, ಕೊಯ್ಯಬೇಕೋ ಬೇಡವೋ ಹೇಳುತ್ತೇನೆ ಎಂದರು ಡಾಕ್ಟರು. ಕಾಕಾರ ಡಬ್ಬಿ ಆ ವಾರವೇ ಕೆಟ್ಟು ಕೂತಿತ್ತು. ಚಟ್ನಿ ರುಬ್ಬುತ್ತಿದ್ದಾಗ ಅವರ ಫೋನು ಬಂತು.

"ಮನೀ ಪಟ್ಟಿ ಕುಪವಾಡದಿಂದ ಬಂತವಾ. ಚಿತ್ರಾನೂ ಅಲ್ಲೇ ಐತಿ. ಆದ್ರ ಹೆಸರಿಲ್ಲದ ಸಾವಿರ ನಂಬರ್‌ನ್ಯಾಗ ಯಾವುದಂತ ಕೇಳ್ಲಿ? ಕಾಕುನ ಪಟ್ಟಿ ನಿನ್ನ ಡಬ್ಬ್ಯಾಗ ಐತಿ. ಹಸಿರು ಐತೇನವಾ?"

ಅವರ ದನಿ ಒಡೆದಿತ್ತು. ನಾನು ಆಗಲೂ "ಐತ್ರಿ" ಎಂದೆ! ಎನ್ನುತ್ತಲೇ ಮಿಕ್ಸರಿನ ಪ್ಲಗ್ಗು ಕಿತ್ತೆ. ಭರಣಿ ಎತ್ತಿದರೆ ಹೊದಿಕೆಯೂ ಎಣ್ಣೆಗೆ ಅಂಟಿಕೊಂಡು ಎದ್ದಿತು. ಡಬ್ಬಿಯ ವೈರು ಸಿಕ್ಕಿಸಿದೆ, ದೀಪ ಕೆಂಪಾಯಿತು. ಎಷ್ಟು ಹೊತ್ತು ಕೆಂಪು! ನಾನು ಕಾಯಿಸಿದ್ದು ಡಬ್ಬಿಯನ್ನಲ್ಲ, ಕಾಕುವನ್ನು. ಕಡೆಗೂ ಹಸಿರಾಯಿತು.

ಪಟ್ಟಿ ಸಿಕ್ಕಿತು, ಚಿತ್ರವೂ ಸಿಕ್ಕಿತು. ಕಲೆ ಹಳೆಯದೇ, ಕೊಯ್ಯುವುದು ಬೇಡವೆಂದರು.

ಸಂಜೆ ಬುತ್ತಿ ಒಯ್ದೆ. ಕಾಕು ನನ್ನ ಕೈ ಹಿಡಿದು, "ನಿಮ್ಮ ಗಲ್ಲಿಯೊಳಗ ಕರೆಂಟ್ ಹೋಗಿತ್ತಂತ, ಅದಕ್ಕ ತಡಾ ಆತಂತ. ಇವರು ಹೇಳಿದ್ರು. ಅದಕ್ಯಾಕ ಸಣ್ಣ ಮಾರಿ ಮಾಡೀದಿ?" ಎಂದರು.

ಕಾಕಾ ಬಹಳ ಗಮನವಿಟ್ಟು ಒಂದು ಚಮಚ ಒರೆಸುತ್ತಿದ್ದರು.

"ಕಾಕಾ, ಕರೆಂಟ್ ಹೋಗಿರಲಿಲ್ರಿ," ಎಂದೆ.

"ಗೊತ್ತೈತಿ," ಎಂದು ಅವರು ಹಾಸಿಗೆಯಂಚಿನಲ್ಲಿ ಸರಿದು ಜಾಗ ಮಾಡಿದರು. "ಮುಂಜಾನಿಂದ ಏನರ ತಿಂದೀಯೇನವಾ? ಕುಂದ್ರು."